ಎಸ್‌ಎಫ್‌ಪಿ ಮಾಡ್ಯೂಲ್: 420 ಮೀಟರಿಗೆ ಯಾವುದು, 17 ಕಿಲೋಮೀಟರಿಗೆ ಯಾವುದು?

ಪ್ರಶ್ನೆ: ಬದಿಯಡ್ಕ ಸಮೀಪದ ಅನುದಾನಿತ ಶಾಲೆಯೊಂದರ ಐಟಿ ಲ್ಯಾಬ್ ನನ್ನ ಜವಾಬ್ದಾರಿ. ಹಳೆಯ ಕಟ್ಟಡ ಗುಡ್ಡೆಯ ಮೇಲಿದೆ, ಹೈಯರ್ ಸೆಕೆಂಡರಿ ಬ್ಲಾಕ್ ಕೆಳಗೆ ಅಡಿಕೆ ತೋಟದ ಬದಿಯಲ್ಲಿದೆ. ನಡುನಡುವೆ ಸ್ವಿಚ್ ಇಟ್ಟು ಎಳೆದಿದ್ದ ಲ್ಯಾನ್ ಕೇಬಲ್ ವರ್ಷ ವರ್ಷವೂ ಸಿಡಿಲಿಗೆ ಹೋಗುತ್ತಿತ್ತು. ಈ ಬೇಸಗೆಯಲ್ಲಿ 6 ಕೋರ್‌ನ (ಆರು ಗಾಜಿನ ಎಳೆಗಳ) ಫೈಬರ್ ಹಾಕಿಸಿದೆವು, ಉದ್ದ 420 ಮೀಟರ್. ಸ್ವಿಚ್ಚಿನ ಪೋರ್ಟಿಗೆ ಸಿಕ್ಕಿಸಿ ಫೈಬರ್ ಜೋಡಿಸಲೆಂದು ಅಂಗಡಿಯವರು ಕೊಟ್ಟ ಎರಡು ಎಸ್‌ಎಫ್‌ಪಿ ಮಾಡ್ಯೂಲ್‌ಗಳ ಮೇಲೆ ‘ಎಸ್‌ಎಕ್ಸ್, 850, 550 ಮೀಟರ್’ ಎಂದು ಬರೆದಿದೆ. ದೂರ 550ರ ಒಳಗೇ ಇದ್ದರೂ ಲಿಂಕ್ ದೀಪ ಉರಿಯುತ್ತಿಲ್ಲ. ಒಂದು ಕಡೆಯ ಸ್ವಿಚ್ಚಂತೂ ಮಾಡ್ಯೂಲನ್ನೇ ಒಪ್ಪುತ್ತಿಲ್ಲ. ಇನ್ನೊಬ್ಬ ಡೀಲರ್ ‘80 ಕಿಲೋಮೀಟರಿನದ್ದು ಹಾಕಿ, ಮತ್ತೆ ತಲೆಬಿಸಿ ಇಲ್ಲ’ ಎನ್ನುತ್ತಾರೆ. ಇದಲ್ಲದೆ ಕುಂಬಳೆ ಕಡೆ ಇರುವ ನಮ್ಮ ಆಡಳಿತ ಮಂಡಳಿಯ ಇನ್ನೊಂದು ಶಾಲೆಗೂ ಸಂಪರ್ಕ ಬೇಕಾಗಿದೆ. ಕೇಬಲ್ ಆಪರೇಟರ್ ಒಂದು ಕೋರ್ ಬಾಡಿಗೆಗೆ ಕೊಡುತ್ತಾರಂತೆ; ಅವರ ದಾರಿಯಲ್ಲಿ ಅದು 17 ಕಿಲೋಮೀಟರ್. ಯಾವ ಮಾಡ್ಯೂಲ್ ಕೊಳ್ಳಬೇಕು?

ಉತ್ತರ: ಮಾಷ್ಟ್ರೇ, ನಿಮ್ಮ ಮಾಡ್ಯೂಲ್ ಹಾಳಾಗಿರುವ ಸಾಧ್ಯತೆ ಕಡಿಮೆ. ಅದು ನಿಮ್ಮ ಕೇಬಲ್ಲಿಗೆ ಹೊಂದುವ ಜಾತಿಯದ್ದಲ್ಲ ಎಂದೇ ತೋರುತ್ತದೆ. ಖಾತ್ರಿ ಮಾಡಿಕೊಳ್ಳಲು ಮೊದಲು ಕೇಬಲ್ಲಿನ ಕಪ್ಪು ಹೊರಕವಚವನ್ನು ಒರೆಸಿ, ಬೆಳಕಿಗೆ ಹಿಡಿದು ಓದಿ. ಮೀಟರಿಗೊಮ್ಮೆ ಬಿಳಿ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ: ಎಷ್ಟು ಕೋರ್, ಯಾವ ಬಗೆಯ ಫೈಬರ್, ಎಷ್ಟನೇ ಮೀಟರ್. ಅಲ್ಲಿ ‘ಜಿ.652ಡಿ’ ಎಂದೋ ‘ಎಸ್‌ಎಂ’ ಎಂದೋ ಇದ್ದರೆ ಅದು ಸಿಂಗಲ್ ಮೋಡ್. ‘ಒಎಂ2’, ‘ಒಎಂ3’ ಅಥವಾ ‘50/125’ ಎಂದಿದ್ದರೆ ಮಲ್ಟಿಮೋಡ್. ಕಟ್ಟಡಗಳ ನಡುವೆ ಎಳೆಯಲು ನಮ್ಮ ಕಡೆ ಸಿಗುವ 6 ಕೋರ್ ಕೇಬಲ್ ಹೆಚ್ಚಾಗಿ ಸಿಂಗಲ್ ಮೋಡೇ. ಎರಡು ತುದಿಗಳ ಮೀಟರ್ ಸಂಖ್ಯೆಯನ್ನು ಕಳೆದರೆ ನಿಜವಾಗಿ ಎಷ್ಟು ಕೇಬಲ್ ಹೋಗಿದೆ ಎಂಬುದೂ ಗೊತ್ತಾಗುತ್ತದೆ. ಬಿಲ್ಲಿನ ಲೆಕ್ಕ ತಾಳೆ ನೋಡಲೂ ಆಯಿತು.

ಈ ಎರಡು ಬಗೆಯ ನಡುವಿನ ವ್ಯತ್ಯಾಸ ಬೆಳಕು ಹೋಗುವ ಒಳದಾರಿಯದ್ದು. ಒಂದೊಂದು ಎಳೆಯ ನಟ್ಟನಡುವೆ ಬೆಳಕು ಸಾಗುವ ಭಾಗವನ್ನೂ ಕೋರ್ ಎಂದೇ ಕರೆಯುತ್ತಾರೆ. ಸಿಂಗಲ್ ಮೋಡ್ ಫೈಬರಿನಲ್ಲಿ ಅದು ಸುಮಾರು 9 ಮೈಕ್ರಾನ್ ಅಗಲ. ಮಲ್ಟಿಮೋಡಿನದ್ದು 50 ಅಥವಾ 62.5 ಮೈಕ್ರಾನ್. ಎಸ್‌ಎಕ್ಸ್ ಮಾಡ್ಯೂಲ್ 850 ನ್ಯಾನೋಮೀಟರಿನ ಬೆಳಕನ್ನು ಮಲ್ಟಿಮೋಡಿನ ಅಗಲ ಕೋರ್‌ಗೆ ತಕ್ಕಂತೆ ಬಿಡುತ್ತದೆ. ಅದೇ ಬೆಳಕನ್ನು 9 ಮೈಕ್ರಾನಿನ ಕಂಡಿಗೆ ಬಿಟ್ಟರೆ ಬಹುಪಾಲು ಬಾಯಲ್ಲೇ ಚೆಲ್ಲಿ ಹೋಗುತ್ತದೆ, ಒಳಗೆ ಹೊಕ್ಕ ಚೂರೂ ಸರಿಯಾಗಿ ಸಾಗುವುದಿಲ್ಲ. ಲೇಬಲ್ ಮೇಲಿನ 550 ಮೀಟರ್ 50 ಮೈಕ್ರಾನಿನ ಮಲ್ಟಿಮೋಡಿಗೆ ಹೇಳಿದ ಮಾತು. ಹಳೆಯ 62.5 ಮೈಕ್ರಾನಿನ ಕೇಬಲ್ಲಿನಲ್ಲಿ ಅದೇ ಮಾಡ್ಯೂಲ್ 220ರಿಂದ 275 ಮೀಟರಿನೊಳಗೆ ನಿಲ್ಲುತ್ತದೆ. ಹಾಗಾಗಿ ಲೇಬಲ್ಲಿನ ದೂರವನ್ನು ಯಾವ ಕೇಬಲ್ಲಿನ ಮೇಲೆ ಎಂದು ಕೇಳದೆ ನಂಬಬೇಡಿ.

ಮಾಡ್ಯೂಲನ್ನು ಕೈಯಲ್ಲಿ ಹಿಡಿದಾಗ ಓದಬೇಕಾದ್ದು ಐದು ಸಂಗತಿ. ಮೊದಲನೆಯದು ವೇಗ: 1.25ಜಿ ಎಂದಿದ್ದರೆ ಗಿಗಾಬಿಟ್, 10ಜಿ ಎಂದಿದ್ದರೆ ಎಸ್‌ಎಫ್‌ಪಿ ಪ್ಲಸ್, 155ಎಂ ಎಂದಿದ್ದರೆ 100 ಮೆಗಾಬಿಟ್ಟಿನ ಹಳೆಯ ಮಾಲು. ಎರಡನೆಯದು ತರಂಗದ ಉದ್ದ: 850, 1310, 1490, 1550. ಮೂರನೆಯದು ದೂರ. ನಾಲ್ಕನೆಯದು ಕನೆಕ್ಟರ್: ಎರಡು ಕಂಡಿಯ ಎಲ್‌ಸಿ ಆದರೆ ಎರಡು ಕೋರ್ ಬೇಕು, ಒಂದೇ ಕಂಡಿ ಇದ್ದರೆ ಒಂದು ಕೋರ್ ಸಾಕು. ಐದನೆಯದು ‘ಡಿಡಿಎಂ’ ಅಥವಾ ‘ಡಿಒಎಂ’ ಎಂಬ ಮೂರಕ್ಷರ. ಬೆಳಕನ್ನು ಅಳೆದು ಹೇಳುವ ಸೌಲಭ್ಯ ಇದೆ ಎಂಬುದರ ಗುರುತು ಅದು. ಆ ಮೂರಕ್ಷರ ಇಲ್ಲದ ಮಾಡ್ಯೂಲನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಮಳೆಗಾಲದಲ್ಲಿ ಲಿಂಕ್ ಬಿದ್ದಾಗ ಗುಡ್ಡೆ ಹತ್ತಿ ಇಳಿಯುವ ಕಷ್ಟವನ್ನು ಈ ಸೌಲಭ್ಯ ಅರ್ಧ ಮಾಡುತ್ತದೆ. ಎಳೆಯುವ ಕೊಂಡಿಯ ಬಣ್ಣವೂ ಸುಳಿವು ಕೊಡುತ್ತದೆ: 850ಕ್ಕೆ ಸಾಮಾನ್ಯವಾಗಿ ಕಪ್ಪು, 1310ಕ್ಕೆ ನೀಲಿ. ಆದರೆ ಎಲ್ಲ ತಯಾರಕರೂ ಅದನ್ನು ಪಾಲಿಸುವುದಿಲ್ಲವಾದ್ದರಿಂದ ಲೇಬಲ್ಲೇ ಪ್ರಮಾಣ.

ಇನ್ನು ಲೆಕ್ಕಕ್ಕೆ ಬರೋಣ. ಮಾಡ್ಯೂಲ್ ಆರಿಸುವುದು ಎಂದರೆ ಬೆಳಕಿನ ಜಮಾ ಖರ್ಚು ಬರೆಯುವುದು. ಕಳುಹಿಸುವ ತುದಿಯಲ್ಲಿ ಇಷ್ಟು ಜಮಾ, ದಾರಿಯಲ್ಲಿ ಇಷ್ಟು ಖರ್ಚು, ಆಚೆ ತುದಿಯಲ್ಲಿ ಉಳಿದದ್ದು ರಿಸೀವರಿಗೆ ಸಾಕಾಗಬೇಕು, ಹೆಚ್ಚೂ ಆಗಬಾರದು. ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಬರೆಯುತ್ತಾರೆ. 0 ಡಿಬಿಎಂ ಎಂದರೆ 1 ಮಿಲಿವಾಟ್. ದಾರಿಯಲ್ಲಿ ಆಗುವ ಇಳಿತವನ್ನು ಬರೇ ಡಿಬಿ ಎನ್ನುತ್ತಾರೆ: 3 ಕಡಿಮೆಯಾದರೆ ಬೆಳಕು ಅರ್ಧ, 10 ಕಡಿಮೆಯಾದರೆ ಹತ್ತರಲ್ಲಿ ಒಂದು ಪಾಲು. -20 ಎಂದರೆ ಒಂದು ಮಿಲಿವಾಟಿನ ನೂರರಲ್ಲಿ ಒಂದು ಪಾಲು. ಹಲವು ಗಿಗಾಬಿಟ್ ರಿಸೀವರ್‌ಗಳು ಅಷ್ಟನ್ನೂ ಓದಬಲ್ಲವು.

ಪ್ರತಿ ಮಾಡ್ಯೂಲಿನ ಡೇಟಾಶೀಟಿನಲ್ಲಿ ನಾಲ್ಕು ಸಂಖ್ಯೆ ಹುಡುಕಿ: ಕಳುಹಿಸುವ ಬೆಳಕು ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಪಡೆಯುವ ಬೆಳಕು ಕನಿಷ್ಠ ಎಷ್ಟಿರಬೇಕು, ಗರಿಷ್ಠ ಎಷ್ಟನ್ನು ತಾಳುತ್ತದೆ. ಸಿಂಗಲ್ ಮೋಡಿನ 10 ಕಿಲೋಮೀಟರ್ ಎಲ್‌ಎಕ್ಸ್ ಮಾಡ್ಯೂಲಿನಲ್ಲಿ ಇವು ಸಾಮಾನ್ಯವಾಗಿ -9.5, -3, -19, -3 ಎಂದಿರುತ್ತವೆ. ದಾರಿಯ ಖರ್ಚಿಗೆ ಈ ದರ ಹಿಡಿಯಿರಿ: 1310ರಲ್ಲಿ ಕಿಲೋಮೀಟರಿಗೆ 0.35 ಡಿಬಿ, 1550ರಲ್ಲಿ 0.22 ಡಿಬಿ, ಒಂದೊಂದು ಕನೆಕ್ಟರ್ ಜೋಡಿಗೆ 0.5, ಮೆಷಿನ್‌ನಲ್ಲಿ ಬೆಸೆದ ಒಂದೊಂದು ಜಾಯಿಂಟಿಗೆ 0.1. ಕನೆಕ್ಟರಿಗೆ ನಾನು ಹೇಳಿದ ದರ ಸ್ವಲ್ಪ ಧಾರಾಳದ್ದು, ಶುದ್ಧ ಕನೆಕ್ಟರ್ 0.3ಕ್ಕೂ ಇಳಿಯುತ್ತದೆ. ಆದರೆ ನಮ್ಮ ಕೆಂಪು ಮಣ್ಣಿನ ಧೂಳಿಗೆ ಧಾರಾಳವಾಗಿ ಹಿಡಿಯುವುದೇ ಒಳ್ಳೆಯದು.

ನಿಮ್ಮ 420 ಮೀಟರಿಗೆ: ಫೈಬರಿನಲ್ಲಿ 0.15, ಎರಡು ತುದಿಯ ಪಿಗ್‌ಟೇಲ್ (ಒಂದು ಕಡೆ ಕನೆಕ್ಟರ್ ಇರುವ ಗಿಡ್ಡ ಫೈಬರ್ ತುಂಡು) ಜಾಯಿಂಟಿಗೆ 0.2, ಪ್ಯಾಚ್ ಪ್ಯಾನೆಲಿನ ಎರಡು ಕನೆಕ್ಟರಿಗೆ 1.0. ಒಟ್ಟು 1.35 ಡಿಬಿ. ಎಲ್‌ಎಕ್ಸ್ ಮಾಡ್ಯೂಲ್ ತೀರಾ ಮಂದವಾಗಿ -9.5ರಲ್ಲಿ ಕಳುಹಿಸಿದರೂ ಆಚೆ ತುದಿಗೆ -10.85 ತಲಪುತ್ತದೆ. ಬೇಕಾದದ್ದು -19, ಅಂದರೆ 8 ಡಿಬಿ ಕೈಯಲ್ಲಿ ಉಳಿಯಿತು. ತೀರಾ ಪ್ರಖರವಾಗಿ -3ರಲ್ಲಿ ಕಳುಹಿಸಿದರೆ -4.35 ತಲಪುತ್ತದೆ, ತಾಳುವ ಮಿತಿ -3ರ ಒಳಗೇ ಇದೆ. ಎರಡು ಕಡೆಯಿಂದಲೂ ಸರಿ. 1.25ಜಿ, 1310, 10 ಕಿಲೋಮೀಟರ್, ಎರಡು ಕಂಡಿಯ ಎಲ್‌ಸಿ, ಡಿಡಿಎಂ ಇರುವ ಎಲ್‌ಎಕ್ಸ್ ಮಾಡ್ಯೂಲ್ ಎರಡು: ಗುಡ್ಡೆಯಿಂದ ತೋಟಕ್ಕೆ ಅಷ್ಟೇ ಬೇಕಾದ್ದು.

ಈಗ ಡೀಲರ್ ಹೇಳಿದ 80 ಕಿಲೋಮೀಟರಿನದ್ದನ್ನು ಅದೇ ಲೆಕ್ಕಕ್ಕೆ ಹಾಕಿ ನೋಡಿ. ಝಡ್‌ಎಕ್ಸ್ ಎಂಬ ಆ ಮಾಡ್ಯೂಲ್ 1550ರಲ್ಲಿ 0ಯಿಂದ +5 ಡಿಬಿಎಂವರೆಗೆ ಬೆಳಕು ಬಿಡುತ್ತದೆ. ಅದರ ರಿಸೀವರ್ ದೂರದ ಮಂದ ಬೆಳಕಿಗೆಂದು ಮಾಡಿದ್ದು. -3ಕ್ಕಿಂತ ಹೆಚ್ಚಾದರೆ ಕೆಲವು ಮಾಡ್ಯೂಲ್‌ಗಳಿಗೆ ತಡೆಯುವುದಿಲ್ಲ, ಇನ್ನು ಕೆಲವು ಅದಕ್ಕೂ ಕಡಿಮೆಗೇ ಸೋಲುತ್ತವೆ. 1550ರ ದರದಲ್ಲಿ ನಿಮ್ಮ ದಾರಿಯಲ್ಲಿ ಬೆಳಕು ಖರ್ಚಾಗುವುದು 1.29 ಮಾತ್ರ. ಹಾಗಾಗಿ ತೀರಾ ಮಂದ ಮಾಡ್ಯೂಲ್ ಆದರೂ -1.29, ಪ್ರಖರವಾದದ್ದು +3.71 ತಲಪುತ್ತದೆ. ಎರಡೂ ಮಿತಿ ಮೀರಿದವು. ಲಿಂಕ್ ಬರದೇ ಇರಬಹುದು. ಬಂದರೂ ಪ್ಯಾಕೆಟ್‌ಗಳು ಕೆಟ್ಟು ಹೋಗುತ್ತವೆ. ದಿನಗಟ್ಟಲೆ ಹಾಗೆಯೇ ಬಿಟ್ಟರೆ ರಿಸೀವರ್ ಸುಟ್ಟೇ ಹೋಗಬಹುದು. ‘ಹೆಚ್ಚು ದೂರದ್ದು ಹಾಕಿದರೆ ಸುರಕ್ಷಿತ’ ಎಂಬ ಮಾತು ಮಾರುಕಟ್ಟೆಯಲ್ಲಿ ಎಷ್ಟು ಓಡಾಡುತ್ತದೋ ಅಷ್ಟೇ ತಪ್ಪು. ಬೇರೆ ದಾರಿ ಇಲ್ಲದೆ ಹಾಕಲೇಬೇಕಾದರೆ 10 ಡಿಬಿಯ ಅಟೆನ್ಯುಯೇಟರ್ ಎಂಬ ಚಿಕ್ಕ ತುಂಡನ್ನು ನಡುವೆ ಸೇರಿಸಬೇಕು. ಹೆಚ್ಚು ಹಣ ಕೊಟ್ಟು ಬೆಳಕು ಕೊಂಡು, ಮತ್ತೆ ಹಣ ಕೊಟ್ಟು ಅದನ್ನು ಕೊಲ್ಲುವ ಕೆಲಸ ಬೇಡ.

ಕುಂಬಳೆಯ ದಾರಿಗೆ ಬೇರೆಯೇ ಯೋಚನೆ ಬೇಕು. ಒಂದೇ ಕೋರ್ ಸಿಗುವುದರಿಂದ ಹೋಗುವ ಬೆಳಕು, ಬರುವ ಬೆಳಕು ಎರಡೂ ಅದೇ ಗಾಜಿನಲ್ಲಿ ಸಾಗಬೇಕು. ಅದಕ್ಕೆ ‘ಬಿಡಿ’ (ಬೈಡೈರೆಕ್ಷನಲ್, ಎಂದರೆ ಎರಡು ದಿಕ್ಕಿನದ್ದು) ಅಥವಾ ಡಬ್ಲ್ಯುಡಿಎಂ ಎನ್ನುವ ಮಾಡ್ಯೂಲ್ ಇದೆ. ಒಂದು ತುದಿ 1310ರಲ್ಲಿ ಕಳುಹಿಸಿ 1550ರಲ್ಲಿ ಪಡೆಯುತ್ತದೆ, ಇನ್ನೊಂದು ತುದಿ ಅದಕ್ಕೆ ಅಡಿಮೇಲು. ಅಂಗಡಿಯವರು ಇವನ್ನು ಎ ತುದಿ, ಬಿ ತುದಿ ಎಂದು ಕರೆಯುತ್ತಾರೆ, ಜೋಡಿಯಾಗಿಯೇ ಕೊಳ್ಳಬೇಕು. ಎರಡೂ ಕಡೆ ಎ ಹಾಕಿದರೆ ಇಬ್ಬರೂ 1550ಕ್ಕೆ ಕಾಯುತ್ತಾರೆ, ಯಾರೂ ಕಳುಹಿಸುವುದಿಲ್ಲ. 1310/1490 ಎಂಬ ಜೋಡಿಯೂ ಮಾರುಕಟ್ಟೆಯಲ್ಲಿದೆ. ಅದರ ಒಂದನ್ನು 1310/1550ರ ಒಂದಕ್ಕೆ ಜೊತೆ ಮಾಡಬಾರದು. ಕಂಪನಿ ಬೇರೆ ಬೇರೆಯಾದರೆ ತೊಂದರೆ ಇಲ್ಲ; ಹೊಂದಬೇಕಾದದ್ದು ವೇಗ, ತರಂಗದ ಉದ್ದ, ಫೈಬರಿನ ಬಗೆ.

ಖರ್ಚು ಬರೆಯೋಣ. 17 ಕಿಲೋಮೀಟರ್ 1310ರಲ್ಲಿ 5.95 ಡಿಬಿ. ನಿಮ್ಮ ಪ್ಯಾನೆಲ್, ಆಪರೇಟರ್ ಕಂಟ್ರೋಲ್ ರೂಮಿನ ಒಳಹೊರಗೆ, ಆಚೆ ಶಾಲೆಯ ಪ್ಯಾನೆಲ್ ಎಂದು ನಾಲ್ಕು ಕನೆಕ್ಟರಿಗೆ 2.0. ಕೇಬಲ್ ಡ್ರಮ್ ಸಾಮಾನ್ಯವಾಗಿ 2 ಕಿಲೋಮೀಟರಿನದ್ದು. ಡ್ರಮ್ಮುಗಳ ಸೇರಿಕೆ, ತುದಿಯ ಪಿಗ್‌ಟೇಲ್, ಮರ ಬಿದ್ದು ತುಂಡಾದಾಗ ಕಟ್ಟಿದ ಜಾಯಿಂಟ್ ಎಲ್ಲ ಸೇರಿ 15 ಎಂದುಕೊಂಡರೆ 1.5. ಒಟ್ಟು 9.45. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಜಾಯಿಂಟ್ ಬೀಳುವುದು ಖಂಡಿತ; ಅದಕ್ಕೂ ಲೇಸರ್ ಮುದಿಯಾಗುವುದಕ್ಕೂ 3 ಡಿಬಿ ಮೀಸಲು ಇಡಿ. 12.45 ಆಯಿತು.

20 ಕಿಲೋಮೀಟರ್ ಎಂದು ಬರೆದ ಬಿಡಿ ಮಾಡ್ಯೂಲ್ ಕನಿಷ್ಠ -9ರಲ್ಲಿ ಕಳುಹಿಸಿ -22ರವರೆಗೆ ಓದುವಂಥದ್ದು ಎಂದುಕೊಳ್ಳಿ. ಕೈಯಲ್ಲಿರುವುದು 13 ಡಿಬಿ, ಉಳಿಕೆ ಅರ್ಧ ಡಿಬಿ. ಇವತ್ತು ನಡೆಯುತ್ತದೆ; ಒಂದು ಮಳೆಗಾಲ ಕಳೆದ ಮೇಲೆ ನಡೆಯುತ್ತದೆ ಎಂದು ಹೇಳಲಾರೆ. 40 ಕಿಲೋಮೀಟರಿನದ್ದು ಸಾಮಾನ್ಯವಾಗಿ -5ರಿಂದ 0ವರೆಗೆ ಕಳುಹಿಸಿ -23ರವರೆಗೆ ಓದುತ್ತದೆ: 18 ಡಿಬಿ, ಉಳಿಕೆ 5.5. ಹೆಚ್ಚಾಗುವ ಭಯವೂ ಇಲ್ಲ. 1550ರ ದಿಕ್ಕಿನಲ್ಲಿ ಖರ್ಚು 7.24 ಇರುವುದರಿಂದ 0ಯಲ್ಲಿ ಕಳುಹಿಸಿದ ಬೆಳಕು -7.24ಕ್ಕೆ ಇಳಿದಿರುತ್ತದೆ. ಹಾಗಾಗಿ ನಿಮ್ಮ 17 ಕಿಲೋಮೀಟರಿಗೆ 40ರ ಜೋಡಿಯನ್ನೇ ಕೊಳ್ಳಿ. ಇಲ್ಲಿಯೂ 80ರದ್ದು ಬೇಡ: +5ರಲ್ಲಿ ಕಳುಹಿಸಿದರೆ -2.24 ತಲಪುತ್ತದೆ, ಮತ್ತೆ ಮಿತಿ ಮೀರಿತು. ನಾನು ಕೊಟ್ಟ ಸಂಖ್ಯೆಗಳು ಮಾರುಕಟ್ಟೆಯ ಸಾಮಾನ್ಯ ಮಾಲಿನವು. ನಿಮ್ಮ ಕೈಗೆ ಬಂದ ಡೇಟಾಶೀಟಿನ ನಾಲ್ಕು ಸಂಖ್ಯೆ ಇಟ್ಟು ಇನ್ನೊಮ್ಮೆ ಕೂಡಿಸಿ ಕಳೆಯಿರಿ.

ಹಣ ಕೊಡುವ ಮೊದಲು ಆಪರೇಟರಲ್ಲಿ ಮೂರು ಪ್ರಶ್ನೆ ಕೇಳಲೇಬೇಕು. ಆ ಕೋರ್ ತುದಿಯಿಂದ ತುದಿಗೆ ನೇರವಾಗಿದೆಯೋ, ಅಥವಾ ನಡುವೆ ಸ್ಪ್ಲಿಟ್ಟರ್ ಇದೆಯೋ? ಮನೆಗಳಿಗೆ ಇಂಟರ್ನೆಟ್ ಕೊಡುವ ಪಾನ್ ಜಾಲದಲ್ಲಿ ಒಂದು ಫೈಬರನ್ನು 8, 16, 32 ಮನೆಗಳಿಗೆ ಹಂಚುತ್ತಾರೆ. ಎಂಟಕ್ಕೆ ಹಂಚುವ ಸ್ಪ್ಲಿಟ್ಟರ್ ಒಂದೇ 10 ಡಿಬಿಗೂ ಹೆಚ್ಚು ತಿನ್ನುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಜಾಲದಲ್ಲಿ ಬೇರೆಯವರ ಬೆಳಕೂ ಇರುವುದರಿಂದ ನಿಮ್ಮ ಬಿಡಿ ಮಾಡ್ಯೂಲ್ ಅಲ್ಲಿ ನಡೆಯುವುದಿಲ್ಲ. ಬೇಕಾದದ್ದು ಸ್ಪ್ಲಿಟ್ಟರ್ ಇಲ್ಲದ ಖಾಲಿ ಕೋರ್. ಎರಡನೆಯದು, ಒಟಿಡಿಆರ್ (ಫೈಬರಿನ ಉದ್ದಕ್ಕೂ ಎಲ್ಲಿ ಎಷ್ಟು ಬೆಳಕು ಹೋಗುತ್ತಿದೆ ಎಂದು ಅಳೆಯುವ ಯಂತ್ರ) ಹಾಕಿ ತೆಗೆದ ರಿಪೋರ್ಟ್ 1310 ಮತ್ತು 1550 ಎರಡರಲ್ಲೂ ಕೊಡುತ್ತಾರೋ? ನನ್ನ ಅಂದಾಜಿನ 9.45ರ ಜಾಗದಲ್ಲಿ ನಿಜವಾದ ಸಂಖ್ಯೆ ಬರುವುದು ಆ ಕಾಗದದಿಂದ. 1310ರಲ್ಲಿ 12 ಡಿಬಿಗಿಂತ ಹೆಚ್ಚು ತೋರಿಸಿದರೆ ಮಾಡ್ಯೂಲ್ ಬದಲಿಸುವುದಲ್ಲ, ಲೈನ್ ಸರಿಮಾಡಿಸಿ. ಮೂರನೆಯದು, ತುದಿಯ ಕನೆಕ್ಟರ್ ಯಾವುದು?

ಕೊನೆಯ ಪ್ರಶ್ನೆ ಸಣ್ಣದೆಂದು ತೋರಿದರೂ ಅಲ್ಲಿ ಎಡವುವವರು ಬಹಳ. ಆಪರೇಟರ್‌ಗಳು ಹೆಚ್ಚಾಗಿ ಬಿಟ್ಟು ಹೋಗುವುದು ಹಸಿರು ಬಣ್ಣದ ಎಸ್‌ಸಿ ಕನೆಕ್ಟರ್. ಹಸಿರು ಎಂದರೆ ಎಪಿಸಿ. ಒಳಗಿನ ಬಿಳಿ ಸೆರಾಮಿಕ್ ಮೂತಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಎಸ್‌ಎಫ್‌ಪಿ ಮಾಡ್ಯೂಲಿಗೆ ಬೇಕಾದದ್ದು ನೀಲಿ ಬಣ್ಣದ ಯುಪಿಸಿ, ಅದರ ಮೂತಿ ನೇರ. ಎರಡೂ ಒಂದೇ ಅಡಾಪ್ಟರಿನಲ್ಲಿ ಕ್ಲಿಕ್ ಎಂದು ಕೂರುತ್ತವೆ, ಆದರೆ ಮೂತಿಗಳ ನಡುವೆ ಗಾಳಿಯ ಸಂದು ಉಳಿದು ಹಲವು ಡಿಬಿ ಬೆಳಕು ಹೋಗುತ್ತದೆ, ಒತ್ತಿದರೆ ಮೂತಿಯೂ ಗೀರುತ್ತದೆ. ಒಂದು ತುದಿ ಹಸಿರು ಎಸ್‌ಸಿ, ಇನ್ನೊಂದು ತುದಿ ನೀಲಿ ಎಲ್‌ಸಿ ಇರುವ ಸಿಂಗಲ್ ಮೋಡಿನ ಹಳದಿ ಪ್ಯಾಚ್ ಕಾರ್ಡ್ ಕೇಳಿ ತನ್ನಿ. ಗೋಡೆಯ ಪೆಟ್ಟಿಗೆಯಲ್ಲಿ ಹಸಿರಿಗೆ ಹಸಿರು, ಮಾಡ್ಯೂಲಿನಲ್ಲಿ ನೀಲಿ. ಕಿತ್ತಳೆ ಅಥವಾ ತಿಳಿನೀಲಿ ಹಸಿರಿನ ಪ್ಯಾಚ್ ಕಾರ್ಡ್ ಮಲ್ಟಿಮೋಡಿನದ್ದು. ಲ್ಯಾಬಿನ ಮೂಲೆಯಲ್ಲಿ ಹಳೆಯದೊಂದು ಇದೆಯೆಂದು ಅದನ್ನು ನಡುವೆ ಸೇರಿಸಬೇಡಿ.

ಸ್ವಿಚ್ ಮಾಡ್ಯೂಲನ್ನು ಒಪ್ಪದ ವಿಷಯ. ಎಸ್‌ಎಫ್‌ಪಿಯ ಅಳತೆ, ಪಿನ್ನುಗಳು ಎಲ್ಲ ತಯಾರಕರಿಗೂ ಸಮಾನ. ಹಲವು ಕಂಪನಿಗಳು ಸೇರಿ ಮಾಡಿಕೊಂಡ ಒಪ್ಪಂದ ಅದು. ಆದರೆ ಮಾಡ್ಯೂಲಿನ ಒಳಗೆ ಒಂದು ಚಿಕ್ಕ ನೆನಪಿನ ಚಿಪ್ ಇದೆ. ತಯಾರಕರ ಹೆಸರು, ಪಾರ್ಟ್ ನಂಬರ್, ವೇಗ, ತರಂಗದ ಉದ್ದ ಅದರಲ್ಲಿ ಬರೆದಿರುತ್ತವೆ. ಕೆಲವು ದೊಡ್ಡ ಕಂಪನಿಗಳ ಸ್ವಿಚ್ ಅದನ್ನು ಓದಿ, ತನ್ನ ಹೆಸರು ಕಾಣದಿದ್ದರೆ ಪೋರ್ಟ್ ಮುಚ್ಚಿಬಿಡುತ್ತದೆ. ಸಣ್ಣ ಸ್ವಿಚ್‌ಗಳು ಸಾಮಾನ್ಯವಾಗಿ ಏನನ್ನೂ ಕೇಳುವುದಿಲ್ಲ. ಕೊಳ್ಳುವಾಗ ನಿಮ್ಮ ಸ್ವಿಚ್ಚಿನ ಕಂಪನಿ ಮತ್ತು ಪೂರ್ತಿ ಮಾದರಿ ಸಂಖ್ಯೆ ಹೇಳಿ, ‘ಇದಕ್ಕೆ ಕೋಡ್ ಮಾಡಿದ್ದು ಕೊಡಿ’ ಎಂದು ಕೇಳಿ. ಡೀಲರ್‌ಗಳಿಗೆ ಇದು ಗೊತ್ತಿರುವ ಮಾತು. ಎರಡು ಕಡೆ ಬೇರೆ ಬೇರೆ ಕಂಪನಿಯ ಸ್ವಿಚ್ ಇದ್ದರೆ ಒಂದೊಂದಕ್ಕೆ ಒಂದೊಂದು ಕೋಡಿನದ್ದು ತನ್ನಿ. ಕೆಲವು ಸ್ವಿಚ್‌ಗಳಲ್ಲಿ ಬೇರೆಯವರ ಮಾಡ್ಯೂಲನ್ನೂ ಒಪ್ಪುವಂತೆ ಆಜ್ಞೆ ಕೊಡಬಹುದು, ಆದರೆ ಆಮೇಲೆ ದೂರು ಕೊಟ್ಟಾಗ ಕಂಪನಿಯವರು ಮೊದಲು ಅದನ್ನೇ ಬೊಟ್ಟು ಮಾಡುತ್ತಾರೆ.

ಇನ್ನೊಂದು ಕಾರಣವೂ ಇರಬಹುದು, ಅದು ಪೋರ್ಟಿನ ವೇಗ. ಎಸ್‌ಎಫ್‌ಪಿ ಪ್ಲಸ್ ಪೋರ್ಟಿಗೆ ಗಿಗಾಬಿಟ್ ಮಾಡ್ಯೂಲ್ ಹಾಕಿದರೆ ಹೆಚ್ಚಿನ ಸ್ವಿಚ್‌ಗಳಲ್ಲಿ ನಡೆಯುತ್ತದೆ, ಆದರೆ ಕೆಲವದರಲ್ಲಿ ವೇಗವನ್ನು ಕೈಯಾರೆ 1ಜಿ ಎಂದು ಹೇಳಿಕೊಡಬೇಕು. ಗಿಗಾಬಿಟ್ ಪೋರ್ಟಿಗೆ 10ಜಿ ಮಾಡ್ಯೂಲ್ ಹಾಕಿದರೆ ನಡೆಯುತ್ತದೆ ಎಂದು ನಂಬಬೇಡಿ. ಅಗ್ಗದ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಒಂದು ಕಡೆ, ಎಸ್‌ಎಫ್‌ಪಿ ಇನ್ನೊಂದು ಕಡೆ ಇದ್ದಾಗಲೂ ಇದೇ ಗೋಳು: ಕನ್ವರ್ಟರ್ 100 ಮೆಗಾಬಿಟ್ಟಿನದ್ದಾದರೆ ಗಿಗಾಬಿಟ್ ಮಾಡ್ಯೂಲಿನೊಂದಿಗೆ ಎಂದಿಗೂ ಮಾತಾಡುವುದಿಲ್ಲ.

ಮಾಲು ಬಂದ ಮೇಲೆ ನೇರ ಪೋರ್ಟಿಗೆ ತುರುಕಬೇಡಿ. ಮೊದಲು ಎರಡು ಸ್ವಿಚ್ಚನ್ನೂ ಒಂದೇ ಮೇಜಿನ ಮೇಲಿಟ್ಟು ಒಂದು ಮೀಟರ್ ಪ್ಯಾಚ್ ಕಾರ್ಡಿನಲ್ಲಿ ಸೇರಿಸಿ ನೋಡಿ. ಎಲ್‌ಎಕ್ಸ್ ಜೋಡಿಗೆ ಅಷ್ಟೇ ಸಾಕು. 40 ಕಿಲೋಮೀಟರಿನ ಬಿಡಿ ಜೋಡಿಗೆ ನಡುವೆ 5 ಡಿಬಿ ಅಟೆನ್ಯುಯೇಟರ್ ಇಲ್ಲದೆ ಈ ಪರೀಕ್ಷೆ ಮಾಡಬಾರದು, ಅದರ ಬೆಳಕು ಮೇಜಿನ ದೂರಕ್ಕೆ ಹೆಚ್ಚು. ಮೇಜಿನ ಮೇಲೆ ಲಿಂಕ್ ಬಂದರೆ ಮಾಡ್ಯೂಲ್, ಕೋಡ್, ವೇಗ ಮೂರೂ ಸರಿ ಎಂದಾಯಿತು. ಆಮೇಲೆ ಜಾಗದಲ್ಲಿ ಬಾರದಿದ್ದರೆ ತಪ್ಪು ದಾರಿಯಲ್ಲಿದೆ. ಎರಡು ಕೋರ್‌ನ ಲಿಂಕ್ ಬಾರದಿದ್ದರೆ ಮೊದಲು ಮಾಡಬೇಕಾದ್ದು ಒಂದೇ ಕೆಲಸ: ಒಂದು ತುದಿಯಲ್ಲಿ ಮಾತ್ರ ಎಲ್‌ಸಿಯ ಎರಡು ಕಾಲುಗಳನ್ನು ಅದಲು ಬದಲು ಮಾಡಿ. ಕಳುಹಿಸುವ ಕಂಡಿ ಆಚೆಯ ಕಳುಹಿಸುವ ಕಂಡಿಗೇ ಹೋಗಿ ಕುಳಿತಿರುವುದು ಬಹಳ ಸಾಮಾನ್ಯ.

ಮಾಡ್ಯೂಲಿನ ಕಂಡಿಯೊಳಗೆ ಅಥವಾ ಫೈಬರಿನ ತುದಿಗೆ ಕಣ್ಣಿಟ್ಟು ನೋಡಬಾರದು. 1310 ಮತ್ತು 1550ರ ಬೆಳಕು ಕಣ್ಣಿಗೆ ಕಾಣುವುದಿಲ್ಲ; ಕಾಣದ್ದರಿಂದಲೇ ಅಪಾಯ. ಐಟಿ ಲ್ಯಾಬ್ ಎಂದರೆ ಮಕ್ಕಳ ಓಡಾಟ ಇರುವ ಜಾಗ, ರ‍್ಯಾಕಿಗೆ ಬೀಗ ಇರಲಿ. ಯಾವ ಕೋರ್ ಎಲ್ಲಿ ಹೋಗುತ್ತದೆ ಎಂದು ಹುಡುಕಲು ಕೆಂಪು ಬೆಳಕಿನ ಪೆನ್ ಟಾರ್ಚ್ ಸಿಗುತ್ತದೆ, 420 ಮೀಟರಿಗೆ ಅದು ಧಾರಾಳ ಸಾಕು.

ಕನೆಕ್ಟರ್ ಒರೆಸುವುದನ್ನು ನಾನು ಮಾಡ್ಯೂಲ್ ಆರಿಸುವಷ್ಟೇ ಮುಖ್ಯ ಎನ್ನುತ್ತೇನೆ. ಬೆಳಕು ಹೋಗುವ ದಾರಿ 9 ಮೈಕ್ರಾನ್. ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ಗುಡ್ಡೆಗಳ ಮೇಲೆ ಹಾರುವ ಕೆಂಪು ಧೂಳಿನ ಒಂದು ಕಣ ಅದನ್ನು ಪೂರ್ತಿ ಮುಚ್ಚಲು ಸಾಕು. ರಬ್ಬರ್ ಟೋಪಿಯನ್ನು ಸೇರಿಸುವ ಕ್ಷಣದವರೆಗೂ ತೆಗೆಯಬೇಡಿ. ಎಲ್‌ಸಿಗೆ 1.25 ಮಿಲಿಮೀಟರಿನ, ಎಸ್‌ಸಿಗೆ 2.5 ಮಿಲಿಮೀಟರಿನ ಒತ್ತು ಕ್ಲೀನರ್ ಸಿಗುತ್ತದೆ; ಕಂಡಿಗೆ ಹಿಡಿದು ಒತ್ತಿದರೆ ಒಳಗಿನ ದಾರ ಸರಿದು ಮೂತಿ ಒರೆಸುತ್ತದೆ. ಅದಿಲ್ಲದಿದ್ದರೆ ನಾರು ಬಿಡದ ಒರೆಸುವ ಕಾಗದಕ್ಕೆ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಹಾಕಿ ಒಂದೇ ದಿಕ್ಕಿಗೆ ಒರೆಸಿ, ಒಣಭಾಗದಲ್ಲಿ ಇನ್ನೊಮ್ಮೆ ಒರೆಸಿ. ಬಾಯಿಂದ ಊದಬೇಡಿ, ಉಸಿರಿನ ತೇವ ಮೂತಿಗೆ ಅಂಟುತ್ತದೆ. ಅಂಗಿಯ ತುದಿಯಲ್ಲಿ ಒರೆಸುವುದಂತೂ ಬೇಡವೇ ಬೇಡ.

ಲಿಂಕ್ ಬಂದ ದಿನವೇ ಸ್ವಿಚ್ಚಿನ ಪುಟದಲ್ಲಿ ಡಿಡಿಎಂ ತೆರೆದು ಐದು ಸಂಖ್ಯೆ ಬರೆದಿಡಿ: ಉಷ್ಣತೆ, 3.3ರ ಆಸುಪಾಸಿನ ವೋಲ್ಟೇಜ್, ಲೇಸರಿಗೆ ಹೋಗುವ ಮಿಲಿಆಂಪ್ಸ್, ಕಳುಹಿಸುವ ಬೆಳಕು, ಪಡೆಯುವ ಬೆಳಕು. ಎರಡೂ ತುದಿಯದ್ದು. ಈ ಅಳತೆಗೆ 3 ಡಿಬಿಯವರೆಗೆ ಹೆಚ್ಚು ಕಡಿಮೆ ತೋರಿಸಲು ನಿಯಮದಲ್ಲೇ ಅವಕಾಶವಿದೆ. ಆದ್ದರಿಂದ -7 ಎಂದು ತೋರಿಸಿದ್ದನ್ನು ಚಿನ್ನದ ತೂಕದಂತೆ ನೋಡದೆ, ಅದೇ ಮಾಡ್ಯೂಲ್ ನಿನ್ನೆ ಏನು ತೋರಿಸಿತ್ತು ಎಂಬುದರೊಂದಿಗೆ ಹೋಲಿಸಿ. ಮಳೆ ಹಿಡಿಯುವ ಮೊದಲು ಮೇ ಕೊನೆಗೆ, ಆಮೇಲೆ ಅಕ್ಟೋಬರಿನಲ್ಲಿ, ಒಂದೇ ನೋಟ್ ಪುಸ್ತಕದಲ್ಲಿ ಬರೆಯುತ್ತಾ ಹೋದರೆ ದಾರಿಯ ಜಾತಕವೇ ಸಿಗುತ್ತದೆ.

ಆ ಸಂಖ್ಯೆಗಳು ಹೇಳುವುದು ಹೀಗೆ. ಪಡೆಯುವ ಬೆಳಕು -40 ಎಂದು ತೋರಿದರೆ ಬೆಳಕೇ ಬರುತ್ತಿಲ್ಲ. ಫೈಬರ್ ತುಂಡಾಗಿದೆ ಅಥವಾ ಆಚೆ ತುದಿಗೆ ಕರೆಂಟಿಲ್ಲ. ಕಳುಹಿಸುವ ಬೆಳಕು ಮೊದಲಿನಷ್ಟೇ ಇದ್ದು ಮಿಲಿಆಂಪ್ಸ್ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಲೇಸರ್ ಮುದಿಯಾಗುತ್ತಿದೆ, ಬದಲಿ ತರಿಸಿಡಿ. ಪಡೆಯುವ ಬೆಳಕು ಚೆನ್ನಾಗಿಯೇ ಇದ್ದು ಸಿಆರ್‌ಸಿ ಎರರ್ (ಕೆಟ್ಟು ಬಂದ ಪ್ಯಾಕೆಟ್‌ಗಳ ಎಣಿಕೆ) ಏರುತ್ತಿದ್ದರೆ ಬೆಳಕು ಮಿತಿ ಮೀರಿದೆಯೇ ನೋಡಿ. ಇಲ್ಲವಾದರೆ ಮೂತಿ ಕೊಳೆಯಾಗಿದೆ, ಅದೂ ಅಲ್ಲವಾದರೆ ಮಾಡ್ಯೂಲ್ ಬದಲಿಸಿ ನೋಡಿ. ಬಿಡಿ ಲಿಂಕಿನಲ್ಲಿ ಇನ್ನೊಂದು ಅನುಕೂಲವಿದೆ. ಬಾಗಿದ ಫೈಬರಿನಲ್ಲಿ 1550ರ ಬೆಳಕು 1310ಕ್ಕಿಂತ ಬೇಗ ಸೋರುತ್ತದೆ. ಹಾಗಾಗಿ 1550 ಪಡೆಯುವ ತುದಿಯಲ್ಲಿ ಮಾತ್ರ ಬೆಳಕು ತಗ್ಗಿ ಇನ್ನೊಂದು ಕಡೆ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಎಲ್ಲೋ ಕೇಬಲ್ ಮಡಚಿಕೊಂಡಿದೆ: ಅಡಿಕೆ ಸೋಗೆಯೋ ತೆಂಗಿನ ಮಡಲೋ ಬಿದ್ದು ಜೋತಿರಬಹುದು, ಕಂಬದ ಬುಡದ ಸುರುಳಿಯನ್ನು ಯಾರೋ ಬಿಗಿಯಾಗಿ ಕಟ್ಟಿರಬಹುದು. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ತಗ್ಗಿದ್ದರೆ ಕೊಳೆ ಕನೆಕ್ಟರ್ ಅಥವಾ ನೀರು ಹೊಕ್ಕ ಜಾಯಿಂಟ್ ಪೆಟ್ಟಿಗೆಯನ್ನು ಸಂಶಯಿಸಿ. ಆಪರೇಟರಿಗೆ ‘ನೆಟ್ ಇಲ್ಲ’ ಎನ್ನುವ ಬದಲು ‘1550ರಲ್ಲಿ 4 ಡಿಬಿ ಇಳಿದಿದೆ, 1310ರಲ್ಲಿ ಇಳಿದಿಲ್ಲ’ ಎಂದರೆ ಅವರ ಹುಡುಗರು ಎಲ್ಲಿ ನೋಡಬೇಕೆಂದು ತಿಳಿದೇ ಹೊರಡುತ್ತಾರೆ. ನಿಮ್ಮ ರ‍್ಯಾಕಿನೊಳಗೂ ಜಿ.652 ಫೈಬರನ್ನು 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕ ಸುತ್ತಾಗಿ ಸುತ್ತಬೇಡಿ.

ಆಟೋ ನೆಗೋಶಿಯೇಷನ್ (ಎರಡು ತುದಿಯ ಪೋರ್ಟ್‌ಗಳು ತಾವೇ ಮಾತಾಡಿ ಹೊಂದಿಕೊಳ್ಳುವ ವ್ಯವಸ್ಥೆ) ಎರಡೂ ಕಡೆ ಆನ್ ಇರಲಿ. ಒಂದು ಕಡೆ ಆಫ್ ಮಾಡಿದರೆ ಆ ತುದಿಯಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ, ಈ ತುದಿಯಲ್ಲಿ ಏನೂ ಇರುವುದಿಲ್ಲ. ಎರಡು ಶಾಲೆಯವರೂ ಫೋನಿನಲ್ಲಿ ಒಬ್ಬರನ್ನೊಬ್ಬರು ದೂರುತ್ತಾ ಕೂರಬೇಕಾಗುತ್ತದೆ.

ಸಿಡಿಲಿನ ವಿಚಾರದಲ್ಲಿ ಫೈಬರ್ ಹಾಕಿದ್ದು ಸರಿಯಾದ ನಿರ್ಧಾರ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕೇಬಲ್ಲಿನೊಳಗೆ ಉಕ್ಕಿನ ತಂತಿಯೋ ಕವಚವೋ ಇದ್ದರೆ ಅದು ಹರಿಸುತ್ತದೆ. ತುದಿಯನ್ನು ನೋಡಿ: ಲೋಹ ಇದ್ದರೆ ಕಟ್ಟಡದ ಹೊರಗೋಡೆಯಲ್ಲೇ ಅದನ್ನು ಕಡಿದು ಅರ್ತಿಗೆ ಸೇರಿಸಿ, ರ‍್ಯಾಕಿನವರೆಗೆ ತರಬೇಡಿ. ಒಳಗೆ ಬರುವುದು ಗಾಜು ಮತ್ತು ಪ್ಲಾಸ್ಟಿಕ್ ಮಾತ್ರ ಆಗಿರಲಿ. ಮುಂದಿನ ಸಲ ಕೊಳ್ಳುವಾಗ ಲೋಹವೇ ಇಲ್ಲದ, ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ಕಡ್ಡಿಯ ಕೇಬಲ್ ಕೇಳಿ. ಸ್ವಿಚ್ಚಿಗೆ ಕರೆಂಟ್ ಬರುವ ದಾರಿ ಬೇರೆಯೇ. ಅಲ್ಲಿಂದ ಬರುವ ಸಿಡಿಲಿಗೆ ಫೈಬರ್ ಏನೂ ಮಾಡಲಾರದು, ಸರ್ಜ್ ಪ್ರೊಟೆಕ್ಟರ್ ಮತ್ತು ಒಳ್ಳೆಯ ಅರ್ತ್ ಬೇಕೇ ಬೇಕು.

ಮಾಡ್ಯೂಲ್‌ಗಳು ಕೋಣೆಯೊಳಗಿನ ರ‍್ಯಾಕಿನಲ್ಲಿದ್ದರೆ 0ಯಿಂದ 70 ಡಿಗ್ರಿಯ ಸಾಮಾನ್ಯ ದರ್ಜೆ ಸಾಕು. ಕ್ಯಾಮೆರಾಕ್ಕೆಂದು ಗೇಟಿನ ಕಂಬದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುವುದಾದರೆ -40ರಿಂದ 85 ಡಿಗ್ರಿಯ ಇಂಡಸ್ಟ್ರಿಯಲ್ ದರ್ಜೆ ತನ್ನಿ. ಏಪ್ರಿಲ್ ಬಿಸಿಲಿಗೆ ಮುಚ್ಚಿದ ಪೆಟ್ಟಿಗೆಯ ಒಳಗಿನ ಕಾವು ಹೊರಗಿನದಕ್ಕಿಂತ ಬಹಳ ಮೇಲೇರುತ್ತದೆ, ಮಾಡ್ಯೂಲಿನ ಸ್ವಂತ ಬಿಸಿ ಅದರ ಮೇಲೆ. ಕುಂಬಳೆಯ ಶಾಲೆ ಕಡಲಿಗೆ ಹತ್ತಿರವಾದರೆ ಉಪ್ಪುಗಾಳಿಗೆ ಪೋರ್ಟಿನ ಲೋಹ ಕಿಲುಬು ಹಿಡಿಯುತ್ತದೆ. ಖಾಲಿ ಪೋರ್ಟ್‌ಗಳಿಗೂ ಮುಚ್ಚಳ ಹಾಕಿಡಿ.

6 ಕೋರ್ ಇರುವಾಗ 420 ಮೀಟರಿನ ಲಿಂಕಿಗೂ ‘ಬಿಡಿ’ ಮಾಡ್ಯೂಲ್ ಹಾಕಿ ಕೋರ್ ಉಳಿಸುವ ಅಗತ್ಯ ಇಲ್ಲ. ಎಲ್‌ಎಕ್ಸ್ ಎರಡೂ ತುದಿಗೆ ಒಂದೇ ಆಗಿರುವುದರಿಂದ ಕಪಾಟಿನಲ್ಲಿ ಒಂದು ಬದಲಿ ಇದ್ದರೆ ಸಾಕು. ಕೋಡ್ ಬೇರೆ ಬೇರೆಯಾದರೆ ಮಾತ್ರ ಎರಡು. ಕುಂಬಳೆಯ ಜೋಡಿಗೆ ಎ ಒಂದು, ಬಿ ಒಂದು ಬದಲಿ ಬೇಕು, ಆಯಾ ಶಾಲೆಯಲ್ಲಿ ಆಯಾ ತುದಿಯದ್ದು ಇಡಿ. ಉಳಿದ ನಾಲ್ಕು ಕೋರ್‌ಗಳನ್ನು ಕತ್ತರಿಸಿ ಬಿಡದೆ ಈಗಲೇ ಪಿಗ್‌ಟೇಲಿಗೆ ಬೆಸೆಸಿ, ಸಂಖ್ಯೆ ಅಂಟಿಸಿ, ಟೋಪಿ ಹಾಕಿಡಿ. ಬೆಸೆಯುವವರು ಮೆಷಿನ್ ಸಮೇತ ಬಂದ ದಿನ ಇನ್ನು ನಾಲ್ಕು ಬೆಸೆಯುವುದು ಅರ್ಧ ಗಂಟೆಯ ಕೆಲಸ; ಒಂದು ಕೋರ್ ತುಂಡಾದ ದಿನ ಪ್ಯಾಚ್ ಕಾರ್ಡ್ ಬದಲಿಸಿದರೆ ಪಾಠ ಮುಂದುವರಿಯುತ್ತದೆ.

ಕೊಂಡ ಎಸ್‌ಎಕ್ಸ್ ಜೋಡಿಯನ್ನು ಅಂಗಡಿಗೆ ಹಿಂದೆ ಕೊಟ್ಟು ಎಲ್‌ಎಕ್ಸ್ ಕೇಳಿ. ಒಪ್ಪದಿದ್ದರೆ ಒಂದೇ ಕಟ್ಟಡದೊಳಗೆ ಮಲ್ಟಿಮೋಡ್ ಎಳೆಯುವ ಸಂದರ್ಭಕ್ಕೆ ಇಟ್ಟುಕೊಳ್ಳಬಹುದು. ಒಂದೇ ರ‍್ಯಾಕಿನ ಎರಡು ಸ್ವಿಚ್ ಸೇರಿಸಲು ಫೈಬರೇ ಬೇಡ, ಎರಡು ತುದಿಗೂ ಮಾಡ್ಯೂಲ್ ಬೆಸೆದೇ ಬರುವ ಡಿಎಸಿ ತಾಮ್ರದ ಕೇಬಲ್ ಅಗ್ಗ. ಮುಂದೆ 10 ಗಿಗಾಬಿಟ್ ಬೇಕಾದರೆ ನೀವು ಹೂತ ಕೇಬಲ್ ಹಾಗೆಯೇ ಇರಲಿ. 10 ಕಿಲೋಮೀಟರಿನ ಎಲ್‌ಆರ್ ಮಾಡ್ಯೂಲ್ ಕನಿಷ್ಠ -8.2ರಲ್ಲಿ ಕಳುಹಿಸಿ -14.4ರವರೆಗೆ ಓದುತ್ತದೆ. 6.2 ಡಿಬಿಯಲ್ಲಿ ನಿಮ್ಮ ಖರ್ಚು 1.35 ಮಾತ್ರ, ಸ್ವಿಚ್ ಮತ್ತು ಮಾಡ್ಯೂಲ್ ಬದಲಿಸಿದರೆ ಮುಗಿಯಿತು. ಕುಂಬಳೆಯ 17 ಕಿಲೋಮೀಟರಿಗೆ ಆ ಎಲ್‌ಆರ್ ಸಾಲದು. ಆಗ 10 ಗಿಗಾಬಿಟ್ಟಿನ 40 ಕಿಲೋಮೀಟರ್ ಬಿಡಿ ಜೋಡಿಯ ನಾಲ್ಕು ಸಂಖ್ಯೆ ಇಟ್ಟು, ಆಪರೇಟರ್ ಕೊಟ್ಟ ಒಟಿಡಿಆರ್ ಕಾಗದದೊಂದಿಗೆ ಹೊಸದಾಗಿ ಲೆಕ್ಕ ಹಾಕಬೇಕು.